ಪೂಲ್ ಲೈವ್ ನೋಡಲು "ಪಾಸ್" ಮಾರುವವರಿಗೆ ದುಡ್ಡು ಕಳಿಸಬೇಡಿ, ನಾನು ಕಳಿಸಿ ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ. ಪೂಲ್ ಅಂದರೆ ಇಲ್ಲಿ ಸ್ನೂಕರ್ ಥರ ಟೇಬಲ್ ಮೇಲೆ ಕೋಲಿನಿಂದ ಬಾಲ್ ಹೊಡೆದು ಪಾಕೆಟ್‌ಗೆ ಹಾಕುವ ಆಟ. ಪೂಲ್ ಟೂರ್ನಿಗಳನ್ನು ವರ್ಷವಿಡೀ ಲೈವ್ ತೋರಿಸುತ್ತೇವೆ, ದುಡ್ಡು ಹಾಕಿ, ಲಿಂಕ್ ಈಗಲೇ ಬರುತ್ತೆ ಅಂತ ಯಾರಾದರೂ ಮೆಸೇಜ್ ಗ್ರೂಪ್‌ನಲ್ಲಿ ಬರೆದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ನಾನು ಕಳಿಸಿದೆ. ಒಂದು ಸಲ 1,499, ಇನ್ನೊಂದು ಸಲ 499. ಒಟ್ಟು 1,998 ರೂಪಾಯಿ ಹೋಯಿತು. ಅದರ ಜೊತೆ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಕೂಡ ಹೋಯಿತು. ದುಡ್ಡು ನಾಳೆ ದುಡಿಯಬಹುದು. ಆ ಫೈನಲ್ ಮತ್ತೆ ಬರುತ್ತಾ?

ನಾನಿರುವುದು ಬೆಂಗಳೂರಿನಲ್ಲಿ. ಪಂಕಜ್ ಅಡ್ವಾಣಿ ಊರು ಇದು, ಬಿಲಿಯರ್ಡ್ಸ್, ಸ್ನೂಕರ್ ಅಂದರೆ ಮಾತಾಡೋಕೆ ಜನ ಸಿಗುತ್ತಾರೆ. ನೈನ್ ಬಾಲ್, ಅಂದರೆ ಒಂದರಿಂದ ಒಂಬತ್ತರವರೆಗಿನ ಬಾಲ್‌ಗಳಲ್ಲಿ ಆಡುವ ಪೂಲ್ ಅಂದರೆ ಸಿಗುವುದಿಲ್ಲ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಪಾರ್ಲರ್‌ನಲ್ಲಿ ಪೂಲ್ ಆಡುವ ಹುಡುಗರಿಗೂ ಈ ಆಟದ ದೊಡ್ಡ ಆಟಗಾರರಾದ ಫೆಡೋರ್ ಗೋರ್ಸ್ಟ್ ಯಾರು, ಜೋಶುವಾ ಫಿಲ್ಲರ್ ಯಾರು ಅಂತ ಗೊತ್ತಿರುವುದಿಲ್ಲ. ನನಗೆ ಈ ಹುಚ್ಚು ಹಿಡಿದಿದ್ದು 2022ರಲ್ಲಿ. ಪೂಲ್‌ನ ಯುಎಸ್ ಓಪನ್ ಐದು ಸಲ ಗೆದ್ದಿದ್ದ ಶೇನ್ ವ್ಯಾನ್ ಬೋನಿಂಗ್ ಆ ವರ್ಷ ಫೈನಲ್‌ನಲ್ಲಿ ಆಲ್ಬಿನ್ ಔಶನ್ ಅವರನ್ನು 13-6ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅದನ್ನು ನೋಡಿದ ಮೇಲೆ ಬಿಟ್ಟಿಲ್ಲ.

ಆಟ ಗೊತ್ತಿಲ್ಲದವರಿಗೆ ಇದೇನು ಅಂಥಾದ್ದು ಅನ್ನಿಸಬಹುದು. ಬಾಲ್ ಪಾಟ್ ಆಗುವುದು, ಅಂದರೆ ಪಾಕೆಟ್‌ಗೆ ಬೀಳುವುದು, ಇದರಲ್ಲಿ ಅರ್ಧ ವಿಷಯ. ಪಾಟ್ ಆದ ಮೇಲೆ ವೈಟ್, ಅಂದರೆ ಕೋಲಿನಿಂದ ಹೊಡೆಯುವ ಬಿಳಿ ಬಾಲ್, ಎಲ್ಲಿ ಹೋಗಿ ನಿಲ್ಲುತ್ತೆ ಅನ್ನೋದೇ ಆಟ. ಟೇಬಲ್ ಮೇಲೆ ಇರುವುದರಲ್ಲಿ ಚಿಕ್ಕ ನಂಬರಿನ ಬಾಲಿಗೇ ವೈಟ್ ಮೊದಲು ತಾಗಬೇಕು. ತಾಗಲಿಲ್ಲ ಅಂದರೆ ಫೌಲ್, ಎದುರಾಳಿ ವೈಟ್ ಎತ್ತಿ ಬೇಕಾದ ಕಡೆ ಇಟ್ಟುಕೊಂಡು ಆಡುತ್ತಾನೆ. ಸತತ ಮೂರು ಫೌಲ್ ಮಾಡಿದರೆ ಆ ಸುತ್ತಿನ ಆಟ, ಅಂದರೆ ಆ ರ್‍ಯಾಕೇ ಕೈ ತಪ್ಪುತ್ತದೆ. ಅದಕ್ಕೇ ಪಾಟ್ ಕಷ್ಟ ಇದ್ದಾಗ ದೊಡ್ಡ ಆಟಗಾರರು ಸೇಫ್ಟಿ ಆಡುತ್ತಾರೆ, ವೈಟನ್ನು ಬೇರೆ ಬಾಲ್ ಹಿಂದೆ ಬಚ್ಚಿಡುತ್ತಾರೆ. ಬ್ರೇಕ್ (ಆಟ ಶುರು ಮಾಡುವ ಮೊದಲ ಹೊಡೆತ) ಆದ ಕೂಡಲೇ ದಾರಿ ಕಾಣದಿದ್ದರೆ ಪುಶ್ ಔಟ್ ಮಾಡಬಹುದು. ವೈಟನ್ನು ಸುಮ್ನೆ ಒಂದು ಕಡೆ ತಳ್ಳಿ "ಬೇಕಾದ್ರೆ ನೀನು ಆಡು, ಇಲ್ಲಾ ನಂಗೇ ಬಿಡು" ಅಂತ ಎದುರಾಳಿಗೆ ಕೊಡುವುದು. ಅಲ್ಲಿ ಇಬ್ಬರ ತಲೆ ಓಡುವುದನ್ನು ನೋಡಬೇಕು. ಹೈಲೈಟ್ಸ್‌ನಲ್ಲಿ ಇದೆಲ್ಲಾ ಕತ್ತರಿಸಿ ಹಾಕಿರುತ್ತಾರೆ. ಪೂರ್ತಿ ಆಟ ಬೇಕು, ಅದೂ ಲೈವ್ ಬೇಕು. ಆ ಆಸೆಯನ್ನೇ ಈ ಜನ ಹಿಡಿದುಕೊಂಡರು.

2024ರ ವಿಶ್ವ ಚಾಂಪಿಯನ್‌ಶಿಪ್ ಜೂನ್ 3ರಿಂದ 8ರವರೆಗೆ ಸೌದಿಯ ಜೆಡ್ಡಾದಲ್ಲಿತ್ತು. 128 ಆಟಗಾರರು, ಗೆದ್ದವರಿಗೆ ಎರಡೂವರೆ ಲಕ್ಷ ಡಾಲರ್. ಜೆಡ್ಡಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಮೆರಿಕದ ಟೂರ್ನಿ ಆದರೆ ನಮಗೆ ಬೆಳಗಿನ ಜಾವ ಎದ್ದು ಕೂರಬೇಕು. ಇದು ಆರಾಮಾಗಿ ಊಟ ಮಾಡಿ ನೋಡಬಹುದಾದ ಟೂರ್ನಿ. ಎರಡು ತಿಂಗಳಿಂದ ಕಾಯುತ್ತಿದ್ದೆ.

ಟೂರ್ನಿ ಶುರುವಾಗುವ ಮುಂಚಿನ ದಿನ ಪೂಲ್ ಅಭಿಮಾನಿಗಳ ಒಂದು ಗ್ರೂಪ್‌ನಲ್ಲಿ ಒಬ್ಬ ಹಾಕಿದ: "ಆಲ್ ಪೂಲ್ ಇವೆಂಟ್ಸ್, 1 ವರ್ಷ, 1,499 ಮಾತ್ರ, ಎಲ್ಲಾ ಟೇಬಲ್, ಎಚ್‌ಡಿ." ಪ್ರೊಫೈಲ್‌ನಲ್ಲಿ ಹಳದಿ ಪಟ್ಟೆಯ ಒಂಬತ್ತರ ಬಾಲಿನ ಫೋಟೋ. ನಾನು ಒಂದೇ ಪ್ರಶ್ನೆ ಕೇಳಿದೆ, ಇದು ಅಧಿಕೃತವಾ ಅಂತ. "ಇಂಡಿಯಾ ರೀಸೆಲ್ಲರ್ ಬ್ರೋ, 300 ಜನ ತಗೊಂಡಿದಾರೆ" ಅಂದ. ಅಷ್ಟಕ್ಕೇ ನಂಬಿದೆ. ಯುಪಿಐ ಮಾಡುವಾಗ ಸ್ಕ್ರೀನ್ ಮೇಲೆ ಬಂದದ್ದು ಕಂಪನಿ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ನೋಡಿದೆ. ನೋಡಿಯೂ ಪಿನ್ ಒತ್ತಿದೆ. ಅಲ್ಲೇ ಕೈ ತಡೆಯಬೇಕಿತ್ತು.

ಮೊದಲ ಎರಡು ದಿನ ಲಿಂಕ್ ಚೆನ್ನಾಗಿ ಓಡಿತು. ಅದರಿಂದಲೇ ನಾನು ಪೂರ್ತಿ ನಂಬಿದ್ದು. ಆಮೇಲೆ ಗೊತ್ತಾಯಿತು, ಅದು ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಬರುತ್ತಿದ್ದ ಟೇಬಲ್. ಶುರುವಿನ ಸುತ್ತುಗಳಲ್ಲಿ ಒಂದೆರಡು ಟೇಬಲ್‌ಗಳನ್ನು ಹಾಗೆ ಪುಕ್ಕಟೆ ಬಿಡುವುದು ಎಷ್ಟೋ ಸಲ ಇದ್ದೇ ಇರುತ್ತದೆ. ಅದನ್ನೇ ತಮ್ಮ ಪೇಜಿನೊಳಗೆ ತುರುಕಿ ನನಗೆ ಮಾರಿದ್ದರು. ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಟ್ಟೆ. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಮೂರನೇ ದಿನದಿಂದ ಕೆಡತೊಡಗಿತು. ಕೇಳಿದರೆ "ಸರ್ವರ್ ಲೋಡ್ ಬ್ರೋ". ಐದನೇ ದಿನ ಅವನೇ ಮೆಸೇಜ್ ಮಾಡಿದ. ಸೆಮಿಫೈನಲ್, ಫೈನಲ್ ಎರಡೂ ಪ್ರೀಮಿಯಂ, 499 ಎಕ್ಸ್‌ಟ್ರಾ ಅಂತ. ಎಲ್ಲಾ ಸೇರಿ 1,499 ಅಂದಿದ್ರಲ್ಲಾ ಅಂದೆ. "ಆಲ್ ಇವೆಂಟ್ಸ್ ಅಂದಿದ್ದು ಬ್ರೋ, ಆಲ್ ಮ್ಯಾಚಸ್ ಅಂದಿಲ್ಲ" ಅಂದ. ಇಂಥ ಮಾತು ಕೇಳಿದ ಮೇಲೂ ಕೊಟ್ಟೆ. ಯಾಕಂದರೆ ಆಗಲೇ ಮನೆಗೆ ಜನರನ್ನು ಕರೆದಿದ್ದೆ. ಪಾರ್ಲರ್‌ನ ಮೂವರು ಹುಡುಗರು, ಜೊತೆಗೆ ನನ್ನ ಬಾಮೈದ. ಬನ್ನಿ, ನಿಜವಾದ ಪೂಲ್ ಅಂದರೆ ಏನು ಅಂತ ತೋರಿಸ್ತೀನಿ ಅಂತ ನಾನೇ ಹೇಳಿದ್ದೆ.

ಶನಿವಾರ ರಾತ್ರಿ. ಗೋರ್ಸ್ಟ್ ಮತ್ತು ಅಲ್ಬೇನಿಯಾದ ಎಕ್ಲೆಂಟ್ ಕಾಚಿ ನಡುವೆ ಫೈನಲ್, ಮೊದಲು 15 ರ್‍ಯಾಕ್ ಗೆದ್ದವರಿಗೆ ಕಿರೀಟ. ಫೋನನ್ನು ಟಿವಿಗೆ ಹಾಕಿದೆ. ಲಿಂಕ್ ತೆರೆಯಿತು. ಸೌಂಡ್ ಇಲ್ಲ. ಚಿತ್ರ ಮಸುಕು. ಅಂಕ, ಹೆಸರು ತೋರಿಸುವ ಕೆಳಗಿನ ಪಟ್ಟಿಯೇ ಕಾಣುತ್ತಿಲ್ಲ, ಚಿತ್ರವನ್ನು ಹಿಗ್ಗಿಸಿ ಅಂಚು ಕತ್ತರಿಸಿದ ಹಾಗಿತ್ತು. ಎರಡು ನಿಮಿಷ ಓಡುವುದು, ಒಂದು ನಿಮಿಷ ಸುತ್ತುತ್ತಾ ನಿಲ್ಲುವುದು. ಮೆಸೇಜ್ ಹಾಕಿದೆ. "ಕಾಪಿರೈಟ್ ಬರಬಾರ್ದು ಅಂತ ಹಾಗೆ ಬ್ರೋ, ಆಡಿಯೋ 10 ನಿಮಿಷದಲ್ಲಿ ಬರುತ್ತೆ." ಟೇಬಲ್ ಬಳಿ ನಿಂತಿದ್ದವನು ಮಾತ್ರ ಗೋರ್ಸ್ಟೇ. ಅದರಲ್ಲಿ ಅನುಮಾನ ಇರಲಿಲ್ಲ. ಹಾಗಾಗಿ ಕೂತೆ.

ಕೂತಿದ್ದಷ್ಟೇ ಅಲ್ಲ, ಹುಡುಗರಿಗೆ ವಿವರಿಸೋಕೂ ಶುರು ಮಾಡಿದೆ. ಗೋರ್ಸ್ಟ್ ಬಾಲನ್ನು ತೆಳ್ಳಗೆ ಸವರಿ ವೈಟನ್ನು ಟೇಬಲ್‌ನ ಆ ತುದಿಗೆ ಕಳಿಸಿದ. "ನೋಡಿ, ಬಾಲನ್ನು ಟೇಬಲ್ ಅಂಚಿಗೆ ಬಡಿಸಿ ಪಾಟ್ ಮಾಡುವ ಬ್ಯಾಂಕ್ ಶಾಟ್ ಇತ್ತು, ಅವನು ಅದಕ್ಕೆ ಕೈ ಹಾಕಲಿಲ್ಲ. ಫೈನಲ್ ಒತ್ತಡದಲ್ಲಿ ಹೀಗೇ ಆಡಬೇಕು. ಈಗ ಕಾಚಿ ಕಿಕ್ ಮಾಡಲೇಬೇಕು, ವೈಟನ್ನು ಟೇಬಲ್ ಅಂಚಿಗೆ ಬಡಿಸಿ ಬಾಲಿಗೆ ತಾಗಿಸಬೇಕು, ಬೇರೆ ದಾರಿ ಇಲ್ಲ." ಹುಡುಗರು ತಲೆ ಆಡಿಸಿದರು. ಕತ್ತಲಲ್ಲಿ ಕುರ್ಚಿ ಮೇಲಿದ್ದ ಎದುರಾಳಿ ಕ್ಯೂ ಹಿಡಿದು ಎದ್ದ. ಬೆಳಕಿಗೆ ಬಂದ. ಅಲ್ಲಿಗೆ ಸರಿಯಾಗಿ ಚಿತ್ರ ನಿಂತುಹೋಯಿತು.

ಅವನು ಕಾಚಿ ಅಲ್ಲ.

ಬಾಮೈದ ಮೊಬೈಲ್‌ನಲ್ಲಿ ಕಾಚಿ ಫೋಟೋ ತೆಗೆದು ಟಿವಿ ಪಕ್ಕ ಹಿಡಿದ. "ಭಾವ, ಇವನಲ್ಲ ಅಲ್ವಾ?" ನಾನು ಮಾತಾಡಲಿಲ್ಲ. ನನಗೆ ಆಗಲೇ ಗೊತ್ತಾಗಿತ್ತು. ನಿಂತ ಚಿತ್ರದಲ್ಲಿ ಇದ್ದದ್ದು ತೈವಾನಿನ ಚಾಂಗ್ ಜುಂಗ್-ಲಿನ್. ಇದು 2019ರ ದೋಹಾ ಫೈನಲ್. ಗೋರ್ಸ್ಟ್ ಮೊದಲ ಸಲ ವಿಶ್ವ ಚಾಂಪಿಯನ್ ಆದ ಮ್ಯಾಚ್, 13-11. ನಾಲ್ಕೂವರೆ ವರ್ಷ ಹಳೆಯದು. ನಾನು ಇಪ್ಪತ್ತು ನಿಮಿಷದಿಂದ ಹಳೇ ರೆಕಾರ್ಡಿಂಗ್ ಮುಂದೆ ಕೂತು ಈಗ ಹಿಂಗಾಗುತ್ತೆ, ಈಗ ಹಂಗಾಡ್ತಾನೆ ಅಂತ ಹೇಳುತ್ತಿದ್ದೆ. ಶಾಟ್ ಓದೋಕೆ ಬಂತು, ಮ್ಯಾಚ್ ಯಾವುದು ಅಂತ ಓದೋಕೆ ಬರಲಿಲ್ಲ. ಹುಡುಗರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಒಬ್ಬ ನೆಲ ನೋಡುತ್ತಾ "ಪರವಾಗಿಲ್ಲ ಬಿಡಣ್ಣ" ಅಂದ. ಅದು ಇನ್ನೂ ಚುಚ್ಚುತ್ತಿದೆ.

ಪಾಸ್ ಮಾರಿದವನಿಗೆ ಬರೆದೆ. ಇದು 2019ರ ಮ್ಯಾಚ್, ದುಡ್ಡು ವಾಪಸ್ ಕೊಡಿ ಅಂತ. ಬಂದ ಉತ್ತರಗಳನ್ನು ಹಾಗೇ ಕೊಡುತ್ತಿದ್ದೇನೆ.

"ಇದೂ ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್ಲೇ ಅಲ್ವಾ ಬ್ರೋ."

ನಾನು: ಇವತ್ತಿನದು ಬೇಕು.

"ಗೋರ್ಸ್ಟ್ ಮ್ಯಾಚ್ ಕೇಳಿದ್ರಿ, ಗೋರ್ಸ್ಟ್ ಮ್ಯಾಚ್ ಕೊಟ್ಟಿದೀವಿ."

ನಾನು: ನಾನು ಲೈವ್‌ಗೆ ದುಡ್ಡು ಕೊಟ್ಟಿದ್ದು.

"ನಿಮ್ ನೆಟ್ ಸ್ಲೋ ಇದೆ ಬ್ರೋ, ಅದಕ್ಕೆ ಹಳೇದು ಬರ್ತಿದೆ. ಈ ಆ್ಯಪ್ ಹಾಕ್ಕೊಳಿ."

ನೆಟ್ ಸ್ಲೋ ಆದರೆ ನಾಲ್ಕೂವರೆ ವರ್ಷ ಹಿಂದಿನ ಮ್ಯಾಚ್ ಬರುತ್ತಾ? ಯಾರಿಗೆ ಹೇಳುತ್ತಿದ್ದಾನೆ ಇದನ್ನು? ಜೊತೆಗೆ ಒಂದು ಎಪಿಕೆ ಫೈಲ್ (ಆ್ಯಪ್ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆ್ಯಪ್) ಕಳಿಸಿದ. ಹತಾಶೆಯಲ್ಲಿ ಅದನ್ನೂ ಒತ್ತಿದೆ. ಎಸ್‌ಎಂಎಸ್ ಓದೋಕೆ ಅನುಮತಿ ಕೊಡಿ ಅಂತ ಕೇಳಿತು. ಮ್ಯಾಚ್ ನೋಡೋಕೆ ನನ್ನ ಎಸ್‌ಎಂಎಸ್ ಯಾಕೆ ಬೇಕು? ಬಾಮೈದ ಕೈಯಿಂದ ಫೋನ್ ಕಿತ್ತುಕೊಂಡು ಅದನ್ನು ಅಳಿಸಿದ. ಅವನು ಇಲ್ಲದಿದ್ದರೆ ಒಟಿಪಿ ಎಲ್ಲಾ ಅವರ ಕೈಗೆ ಹೋಗಿ ಖಾತೆಯೇ ಖಾಲಿ ಆಗುತ್ತಿತ್ತೋ ಏನೋ. ರಿಫಂಡ್ ಬಗ್ಗೆ ಕೊನೆಗೆ ಬಂದ ಉತ್ತರ: "ಡಿಜಿಟಲ್ ಐಟಂಗೆ ರಿಫಂಡ್ ಇಲ್ಲ ಬ್ರೋ, ಟ್ರಸ್ಟ್ ಇಟ್ಕೊಳಿ." ಆಮೇಲೆ ಬ್ಲಾಕ್.

ನಂಬಿಕೆ ಇಟ್ಕೊಳಿ ಅಂತೆ.

ಅಷ್ಟರಲ್ಲಿ ಜೆಡ್ಡಾದಲ್ಲಿ ನಿಜವಾದ ಫೈನಲ್ ನಡೆಯುತ್ತಲೇ ಇತ್ತು. ನಾನು ಬರೀ ಅಂಕ ನೋಡುತ್ತಾ ಕೂತೆ. ಕೊನೆಗೆ 15-14. ಗೋರ್ಸ್ಟ್ ಗೆದ್ದ. ಹಿಲ್-ಹಿಲ್, ಅಂದರೆ ಇಬ್ಬರೂ ಗೆಲುವಿಗೆ ಒಂದೇ ಹೆಜ್ಜೆ ದೂರ, 14-14, ಇಡೀ ವಿಶ್ವ ಪ್ರಶಸ್ತಿ ಒಂದೇ ರ್‍ಯಾಕ್ ಮೇಲೆ. ಪೂಲ್ ನೋಡುವವರು ವರ್ಷಗಟ್ಟಲೆ ಕಾಯುವುದು ಇಂಥ ಒಂದು ರ್‍ಯಾಕಿಗೆ. ಬ್ರೇಕ್‌ನಲ್ಲಿ ಬಾಲ್ ಬೀಳುತ್ತಾ, ವೈಟ್ ಎಲ್ಲಿ ನಿಲ್ಲುತ್ತೆ, 30 ಸೆಕೆಂಡಿನ ಶಾಟ್ ಕ್ಲಾಕ್ ಓಡುವಾಗ ಕೈ ನಡುಗುತ್ತಾ, ಅದನ್ನು ಫಲಿತಾಂಶ ಗೊತ್ತಿಲ್ಲದೆ ನೋಡಬೇಕು. ನನಗೆ ಸಿಕ್ಕಿದ್ದು ಫೋನ್ ಮೇಲೆ ಬದಲಾದ ಒಂದು ಅಂಕಿ. ಮರುದಿನ ರೆಕಾರ್ಡಿಂಗ್ ಹುಡುಕೋಕೂ ಮನಸ್ಸಾಗಲಿಲ್ಲ. ಗೆದ್ದವರು ಯಾರು ಅಂತ ಗೊತ್ತಾದ ಮೇಲೆ ಆ ರ್‍ಯಾಕ್‌ನಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ.

ದೂರು ಕೊಡೋಕೆ ನಾಚಿಕೆಯಿಂದ ಮೂರು ದಿನ ತಡ ಮಾಡಿದೆ. ಅದು ಇನ್ನೊಂದು ತಪ್ಪು. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಯುಟಿಆರ್ ನಂಬರ್ (ದುಡ್ಡು ಕಳಿಸಿದ ವಹಿವಾಟಿನ ಸಂಖ್ಯೆ), ಚಾಟ್ ಸ್ಕ್ರೀನ್‌ಶಾಟ್ ಎಲ್ಲಾ ಹಾಕಿದೆ. ಬೇಗ ಹೇಳಿದ್ದರೆ ಆ ಖಾತೆಯಲ್ಲಿ ದುಡ್ಡು ತಡೆಯಲು ಆಗುತ್ತಿತ್ತು ಅಂದರು. ಬ್ಯಾಂಕಿಗೆ ಹೋದರೆ "ಪಿನ್ ನೀವೇ ಹಾಕಿದ್ದೀರಲ್ಲಾ ಸರ್" ಅಂದರು. ಹೌದು, ನಾನೇ ಹಾಕಿದ್ದು. ದುಡ್ಡು ಇನ್ನೂ ಬಂದಿಲ್ಲ.

ನಿಮಗೆ ಹೇಳುವುದು ಇಷ್ಟೇ. ಯಾವ ದೇಶದಲ್ಲಿ ಯಾರು ತೋರಿಸುತ್ತಾರೆ ಅಂತ ಪ್ರತಿ ಟೂರ್ನಿಗೂ ಮುಂಚೆ ಟೂರ್ನಿ ನಡೆಸುವವರೇ ತಮ್ಮ ಸೈಟಿನಲ್ಲಿ ಹಾಕುತ್ತಾರೆ, ಅಲ್ಲಿ ನೋಡಿ. ಮೊದಲು ಯೂಟ್ಯೂಬ್‌ನಲ್ಲಿ ಪುಕ್ಕಟೆ ಇದೆಯಾ ಅಂತ ಹುಡುಕಿ. ಯುಪಿಐನಲ್ಲಿ ಕಂಪನಿ ಬದಲು ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಎಪಿಕೆ ಕಳಿಸಿದರೆ ಮುಟ್ಟಲೇಬೇಡಿ. ಮೋಸ ಹೋದರೆ ನನ್ನ ಹಾಗೆ ಮೂರು ದಿನ ಮುಖ ಮುಚ್ಚಿಕೊಂಡು ಕೂರಬೇಡಿ, ಆಗಲೇ 1930ಕ್ಕೆ ಫೋನ್ ಮಾಡಿ.

ಇದನ್ನು ಈಗ ಬರೆಯಲು ಕಾರಣ ಇದೆ. ಯುಎಸ್ ಓಪನ್ ಥರದ ದೊಡ್ಡ ಟೂರ್ನಿಗಳು ಬರುತ್ತಲೇ ಇರುತ್ತವೆ. ಫಿಲಿಪ್ಪೀನ್ಸ್‌ನ ದಿಗ್ಗಜ ಆಟಗಾರ ಎಫ್ರೆನ್ ರೇಯಸ್ ಹೆಸರಿನಲ್ಲಿ 2024ರಲ್ಲಿ ಶುರುವಾದ ರೇಯಸ್ ಕಪ್ ಇದೆ. ಯುರೋಪ್ ಮತ್ತು ಅಮೆರಿಕ ತಂಡಗಳ ಮೊಸ್ಕೋನಿ ಕಪ್ ಇದೆ. ನಿನ್ನೆ ಪಾರ್ಲರ್‌ನಲ್ಲಿ ಒಬ್ಬ ಹುಡುಗ ಫೋನ್ ತೋರಿಸಿ "ಅಣ್ಣ, ಇದು ತಗೊಳ್ಲಾ? 999 ಅಂತೆ" ಅಂದ. ಗ್ರೂಪಿನ ಹೆಸರು ಬೇರೆ, ನಂಬರ್ ಬೇರೆ. ಫೋಟೋ ಮಾತ್ರ ಅದೇ, ಹಳದಿ ಪಟ್ಟೆಯ ಒಂಬತ್ತರ ಬಾಲ್. ಕೆಳಗೆ ಅದೇ ಸಾಲು: 300 ಜನ ತಗೊಂಡಿದಾರೆ ಬ್ರೋ.