ಗಾಲ್ಫ್ ಕಲಿಯುವವರಿಗೆ ಟ್ಯಾಲಿ ಕೌಂಟರ್: ಕೆಟ್ಟ ಹೋಲ್‌ನ ಲೆಕ್ಕಕ್ಕೆ ಎಷ್ಟು ನೆರವಾಗುತ್ತದೆ?

ಕಲಬುರಗಿಯಲ್ಲಿ ಗಾಲ್ಫ್ ಕಲಿಯಲು ಹೊರಟ ನಮ್ಮಂಥವರಿಗೆ ಬೇಕಾದ ಸಾಮಾನುಗಳಲ್ಲಿ ಬಹುಪಾಲು ಹೈದರಾಬಾದಿನಿಂದಲೋ ಆನ್‌ಲೈನ್ ಅಂಗಡಿಗಳಿಂದಲೋ ಬರಬೇಕು. ಆದರೆ ಕಲಿಕೆಯ ಮೊದಲ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಒಂದು ಸಾಧನ ನಮ್ಮ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಲ್ಲಿಯೇ ದೊರೆಯುತ್ತದೆ. ಜಪದ ಎಣಿಕೆಗೆಂದು ಭಕ್ತರೂ ಚೀಲಗಳ ಲೆಕ್ಕಕ್ಕೆಂದು ಗೋದಾಮಿನವರೂ ಕೊಳ್ಳುವ ಟ್ಯಾಲಿ ಕೌಂಟರ್ ಅದು. ಬೆರಳಿಗೆ ತೊಡುವ ಪ್ಲಾಸ್ಟಿಕ್ ಡಿಜಿಟಲ್ ಕೌಂಟರ್ ಮತ್ತು ಅಂಗೈಯಲ್ಲಿ ಹಿಡಿಯುವ, ನಾಲ್ಕು ಅಂಕಿಗಳ ಸ್ಟೀಲ್ ಕೌಂಟರ್, ಎರಡನ್ನೂ ಕೊಂಡು ಆಟದಲ್ಲಿ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ಸಾಧನ ಏಕೆ ಬೇಕು ಎಂಬುದು ಆಟ ಕೆಟ್ಟಾಗ ತಿಳಿಯುತ್ತದೆ. ಗಾಲ್ಫ್‌ನಲ್ಲಿ ಚೆಂಡನ್ನು ಆರಂಭದ ಜಾಗದಿಂದ ಹೊಡೆದು ಕುಳಿಗೆ ಸೇರಿಸುವ ಒಂದೊಂದು ಹಂತಕ್ಕೂ ಹೋಲ್ ಎನ್ನುತ್ತಾರೆ. ಹೊಡೆತಗಳು ಕಡಿಮೆಯಾದಷ್ಟೂ ಒಳ್ಳೆಯದು. ನಾಲ್ಕೈದು ಹೊಡೆತಗಳಲ್ಲಿ ಮುಗಿದ ಹೋಲ್‌ನ ಲೆಕ್ಕ ಯಾರಿಗಾದರೂ ನೆನಪಿರುತ್ತದೆ. ಚೆಂಡು ಒಮ್ಮೆ ಗಡಿಯಾಚೆ ಹೋಗಿ, ಇನ್ನೊಮ್ಮೆ ಪೊದೆಯೊಳಗೆ ಸೇರಿ, ಮತ್ತೊಮ್ಮೆ ಕ್ಲಬ್ (ಚೆಂಡು ಹೊಡೆಯುವ ಕೋಲು) ಗಾಳಿಯಲ್ಲಿಯೇ ಬೀಸಿಹೋದ ಹೋಲ್‌ನಲ್ಲಿ ಮಾತ್ರ ಏಳೋ ಎಂಟೋ ಎಂಬ ಗೊಂದಲ ಹುಟ್ಟುತ್ತದೆ, ಮತ್ತು ಆ ಗೊಂದಲದಲ್ಲಿ ಮನಸ್ಸು ಯಾವಾಗಲೂ ಕಡಿಮೆ ಅಂಕಿಯ ಕಡೆಗೇ ವಾಲುತ್ತದೆ. ಒಂದು ಉದಾಹರಣೆಯನ್ನು ನೋಡೋಣ. ಪಾರ್ 4ರ, ಅಂದರೆ ನುರಿತ ಆಟಗಾರ 4 ಹೊಡೆತಗಳಲ್ಲಿ ಮುಗಿಸಬೇಕಾದ, ಹೋಲ್‌ನಲ್ಲಿ ಮೊದಲ ಹೊಡೆತ ಗಡಿಯಾಚೆ ಬಿದ್ದರೆ ಅದಕ್ಕೊಂದು, ಪೆನಾಲ್ಟಿಗೊಂದು ಎಂದು ಎಣಿಕೆ 2 ಆಗುತ್ತದೆ. ಮತ್ತೆ ಟೀಯಿಂದಲೇ (ಹೋಲ್ ಆರಂಭಿಸುವ ಜಾಗದಿಂದಲೇ) ಹೊಡೆಯುವುದು 3ನೆಯದು. ಅದು ಎರೆಮಣ್ಣಿನ ಬಿರುಕಿನೊಳಗೆ ಸಿಕ್ಕಿಕೊಂಡು ಆಡಲು ಬಾರದಂತಾಗಿದೆ ಎಂದು ಆಟಗಾರನೇ ನಿರ್ಧರಿಸಿದರೆ, ಒಂದು ಪೆನಾಲ್ಟಿಯೊಂದಿಗೆ ಎಣಿಕೆ 4 ಆಗುತ್ತದೆ. ಆಗ ಕುಳಿಗೆ ಹತ್ತಿರವಾಗದಂತೆ, ಎರಡು ಕ್ಲಬ್‌ಗಳ ಉದ್ದದ ಒಳಗೆ ಚೆಂಡನ್ನು ಕೈಯಿಂದ ಡ್ರಾಪ್ ಮಾಡಬಹುದು. 5ನೆಯದು ಸ್ವಲ್ಪವೇ ಮುಂದೆ ಹೋಯಿತು, 6ನೆಯದು ಚೆಂಡನ್ನೇ ಮುಟ್ಟಲಿಲ್ಲ, 7ನೆಯದು ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಾದ ಗ್ರೀನ್ ಸೇರಿತು, 8 ಮತ್ತು 9ನೆಯ ಪಟ್‌ಗಳು (ಚೆಂಡನ್ನು ಉರುಳಿಸುವ ಮೆಲು ಹೊಡೆತಗಳು) ಕುಳಿಯ ಪಕ್ಕದಲ್ಲಿ ಹಾದುಹೋದವು ಎಂದಿಟ್ಟುಕೊಳ್ಳೋಣ. ಇಲ್ಲಿ ಕ್ಲಬ್ ಬೀಸಿದ್ದು 7 ಸಲ, ಎಣಿಕೆ 9. ನೆನಪನ್ನೇ ನಂಬಿದ ಹೊಸಬ ಏಳನ್ನು ಬರೆದುಕೊಳ್ಳುತ್ತಾನೆ. ಪ್ರತಿ ಹೊಡೆತಕ್ಕೂ ಪ್ರತಿ ಪೆನಾಲ್ಟಿಗೂ ಗುಂಡಿ ಒತ್ತಿದವನ ಕೈಯಲ್ಲಿ ಒಂಬತ್ತು ಇರುತ್ತದೆ.

ಗುಂಡಿಯನ್ನು ಯಾವಾಗ ಒತ್ತಬೇಕು ಎಂಬ ಶಿಸ್ತನ್ನು ಕೌಂಟರ್ ಕಲಿಸುವುದಿಲ್ಲ, ಅದನ್ನು ನಾವೇ ರೂಢಿಸಿಕೊಳ್ಳಬೇಕು. ಚೆಂಡನ್ನು ಹೊಡೆಯುವ ಉದ್ದೇಶದಿಂದ ಬೀಸಿ ತಪ್ಪಿದರೆ ಅದು ಹೊಡೆತವೇ. ಅಭ್ಯಾಸಕ್ಕೆಂದು ಬೀಸಿದ್ದು ಹೊಡೆತವಲ್ಲ. ಹೋಲ್‌ನ ಮೊದಲ ಹೊಡೆತಕ್ಕೆ ಮುನ್ನ ಕ್ಲಬ್ ತಗುಲಿ ಚೆಂಡು, ಅದನ್ನು ಇಡುವ ಚಿಕ್ಕ ಗೂಟದ (ಅದನ್ನೂ ಟೀ ಎನ್ನುತ್ತಾರೆ) ಮೇಲಿಂದ ಉರುಳಿ ಬಿದ್ದರೆ ಅದೂ ಅಲ್ಲ. ಕಳೆದುಹೋದ ಚೆಂಡನ್ನು ಹುಡುಕಲು 2019ರ ನಿಯಮಗಳ ಪ್ರಕಾರ ಇರುವುದು 3 ನಿಮಿಷ ಮಾತ್ರ (ಹಿಂದೆ 5 ಇತ್ತು). ಆ ಸಮಯ ಮೀರಿದರೆ ಪೆನಾಲ್ಟಿಯ ಗುಂಡಿ ಒತ್ತಿ, ಹಿಂದಿನ ಹೊಡೆತ ಹೊಡೆದ ಜಾಗಕ್ಕೆ ಮರಳಬೇಕು. ತೊಗರಿ ಕಟಾವಾದ ಹೊಲದ ಅಂಚಿನಲ್ಲಿ ಅಭ್ಯಾಸ ಮಾಡುವ ನಮಗೆ, ಕೂಳೆಗಳ ನಡುವೆ ಬಿಳಿಯ ಚೆಂಡು ಕೂಡ ಎಷ್ಟು ಬೇಗ ಕಣ್ಮರೆಯಾಗುತ್ತದೆ ಎಂಬುದು ಚೆನ್ನಾಗಿ ಗೊತ್ತು.

ಹೊಸಬರು ಇಷ್ಟೇ ಮುಖ್ಯವಾಗಿ ಅರಿಯಬೇಕಾದದ್ದು, ಎಣಿಕೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದು. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಲ್ಲಿ, ಇನ್ನೂ ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತಗಳ ಅಳತೆ) ಪಡೆಯದ ಆಟಗಾರನಿಗೆ ಒಂದು ಹೋಲ್‌ನಲ್ಲಿ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಅಂಕ ಪಾರ್‌ಗಿಂತ 5 ಹೆಚ್ಚು. ಅಂದರೆ ಪಾರ್ 3ರಲ್ಲಿ 8, ಪಾರ್ 4ರಲ್ಲಿ 9, ಪಾರ್ 5ರಲ್ಲಿ 10. ಮೇಲಿನ ಉದಾಹರಣೆಯ ಆಟಗಾರ ಒಂಬತ್ತಕ್ಕೆ ಬಂದು ನಿಂತಾಗ ಚೆಂಡನ್ನು ಎತ್ತಿಕೊಂಡು, ಕಾರ್ಡಿನಲ್ಲಿ 9 ಬರೆದು, ಮುಂದಿನ ಟೀಗೆ ನಡೆಯಬಹುದು. ಹಿಂದೆ ಬರುವ ಗುಂಪನ್ನು ಕಾಯಿಸುವುದೂ ತಪ್ಪುತ್ತದೆ. ಹ್ಯಾಂಡಿಕ್ಯಾಪ್ ದೊರೆತ ಮೇಲೆ ಈ ಮಿತಿ ನೆಟ್ ಡಬಲ್ ಬೋಗಿ ಆಗುತ್ತದೆ. ಪಾರ್‌ಗೆ 2 ಸೇರಿಸಿ, ಆ ಹೋಲ್‌ನಲ್ಲಿ ತನಗೆ ಸಲ್ಲುವ ಹ್ಯಾಂಡಿಕ್ಯಾಪ್ ಹೊಡೆತಗಳನ್ನೂ ಕೂಡಿಸಿದರೆ ಅದು ಸಿಗುತ್ತದೆ. ಮೊದಲ ಹ್ಯಾಂಡಿಕ್ಯಾಪ್‌ಗೆ ಒಟ್ಟು 54 ಹೋಲ್‌ಗಳ ಅಂಕ ಬೇಕಾಗುವುದರಿಂದ, ಆ ಹೋಲ್‌ಗಳ ಲೆಕ್ಕ ಸರಿಯಾಗಿರುವುದು ಹೊಸಬನಿಗೆ ಬಹಳ ಮುಖ್ಯ. ಏಳೆಂದು ಬರೆದುಕೊಂಡ ಒಂಬತ್ತುಗಳು ಸೇರಿದರೆ ಸಿಗುವ ಹ್ಯಾಂಡಿಕ್ಯಾಪ್ ಅವನ ಆಟಕ್ಕಿಂತ ಕಡಿಮೆಯಾಗಿ, ಮುಂದಿನ ಪಂದ್ಯಗಳಲ್ಲಿ ಅವನಿಗೇ ಭಾರವಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಒಟ್ಟು ಹೊಡೆತಗಳನ್ನು ಎಣಿಸುವ ಸಾಮಾನ್ಯ ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ ಚೆಂಡನ್ನು ಕುಳಿಗೆ ಸೇರಿಸದೆ ಎತ್ತಿಕೊಂಡು, ಅದನ್ನು ಸರಿಪಡಿಸದೆ ಮುಂದಿನ ಹೋಲ್ ಆರಂಭಿಸಿದರೆ ಅನರ್ಹತೆ ಕಾದಿರುತ್ತದೆ. 2019ರಲ್ಲಿ ನಿಯಮಗಳಿಗೆ ಸೇರಿದ ‘ಮ್ಯಾಕ್ಸಿಮಮ್ ಸ್ಕೋರ್’ ಮಾದರಿಯಲ್ಲಿ ಸಮಿತಿಯೇ ಹೋಲ್‌ಗೆ ಮಿತಿ ಹಾಕುವುದರಿಂದ ಎತ್ತಿಕೊಳ್ಳಬಹುದು. 1932ರಿಂದ ಪಂದ್ಯಗಳಲ್ಲಿ ನಡೆದುಬಂದಿರುವ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ ಪ್ರತಿ ಹೋಲ್‌ಗೂ ಅಂಕ ಗಳಿಸಬೇಕು, ಹೆಚ್ಚು ಅಂಕ ಗಳಿಸಿದವರೇ ಮುಂದೆ; ಕೆಟ್ಟ ಹೋಲ್‌ಗೆ ಶೂನ್ಯ ಅಂಕ, ಅಷ್ಟೇ. ಕಲಿಯುವವರ ಗೆಳೆಯರ ಕೂಟಕ್ಕೆ ಈ ಎರಡನೆಯದೇ ಸೂಕ್ತವೆಂದು ನನ್ನ ಅಭಿಪ್ರಾಯ, ಏಕೆಂದರೆ ಒಂದೇ ಹೋಲ್ ಇಡೀ ದಿನದ ಆಟವನ್ನು ಹಾಳುಮಾಡುವುದಿಲ್ಲ.

ಈಗ ಸಾಧನಗಳ ಗುಣಾವಗುಣಕ್ಕೆ ಬರೋಣ. ಬೆರಳಿನ ಕೌಂಟರ್ ನೂರು ರೂಪಾಯಿಯೊಳಗೆ ಸಿಗುತ್ತದೆ ಮತ್ತು ಹಗುರವಾಗಿದೆ. ಆದರೆ ಅದನ್ನು ತೊಟ್ಟು ಕ್ಲಬ್ ಹಿಡಿದರೆ ಹಿಡಿತ ಕೆಡುವುದರಿಂದ ಪ್ರತಿ ಸಲ ಬಿಚ್ಚಿ ಜೇಬಿಗೆ ಹಾಕಬೇಕಾಗುತ್ತದೆ, ಮತ್ತು ಜೇಬಿನಲ್ಲಿ ಅದರ ರಿಸೆಟ್ ಗುಂಡಿ ತಾನಾಗಿ ಒತ್ತಿಹೋಗಿ ಎಣಿಕೆ ಸೊನ್ನೆಗೆ ಬರುವುದುಂಟು. ಕೆಟ್ಟ ಹೋಲ್‌ನ ನಡುವೆ ಹೀಗಾದರೆ ಸಾಧನವಿದ್ದೂ ಪ್ರಯೋಜನವಿಲ್ಲ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅದರ ಚಿಕ್ಕ ಪರದೆಯನ್ನು ಓದಲು ನೆರಳು ಹುಡುಕಬೇಕಾಯಿತು. ಸ್ಟೀಲ್ ಕೌಂಟರಿಗೆ ಬೆಲೆ ಹೆಚ್ಚು, ತೂಕವೂ ಹೆಚ್ಚು. ಆದರೆ ಅದಕ್ಕೆ ಬ್ಯಾಟರಿ ಬೇಕಿಲ್ಲ, ಅಂಕಿಗಳು ಬಿಸಿಲಿನಲ್ಲಿಯೂ ಸ್ಪಷ್ಟವಾಗಿ ಕಾಣುತ್ತವೆ, ಪಕ್ಕದ ತಿರುಪನ್ನು ತಿರುಗಿಸದ ಹೊರತು ಸೊನ್ನೆಗೆ ಬರುವುದಿಲ್ಲ, ಉಂಗುರಕ್ಕೆ ದಾರ ಪೋಣಿಸಿ ಬ್ಯಾಗಿಗೆ ಕಟ್ಟಬಹುದು. ನಾನು ಕೊಂಡ ಎರಡರಲ್ಲಿಯೂ ಹಿಂದಕ್ಕೆ ಎಣಿಸುವ ವ್ಯವಸ್ಥೆ ಇಲ್ಲದಿರುವುದು ನಿಜವಾದ ಕೊರತೆ. ಕೈತಪ್ಪಿ ಒಂದು ಹೆಚ್ಚಾದರೆ ಸೊನ್ನೆಗೆ ತಂದು ಮತ್ತೆ ಒತ್ತಿಕೊಂಡು ಬರಬೇಕು. ಹಾಗೆಯೇ ಸ್ಪರ್ಧೆಯಲ್ಲಿ ಅಂಕವನ್ನು ದಾಖಲಿಸುವ ಮಾರ್ಕರ್‌ನ ಸ್ಥಾನವನ್ನು ಯಾವ ಕೌಂಟರೂ ತುಂಬಲಾರದು.

ಹೈದರಾಬಾದಿನ ಗೋಲ್ಕೊಂಡಾ ಕೋಟೆಯ ನಯಾ ಕಿಲಾದೊಳಗಿನ ಅಂಗಳದಂಥ 18 ಹೋಲ್‌ಗಳ ಮೈದಾನಕ್ಕೆ ಇಲ್ಲಿಂದ ಇನ್ನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಿ ಆಡುವವರು, ಅಲ್ಲಿಗೆ ಹೊರಡುವ ಮೊದಲೇ ಈ ರೂಢಿಯನ್ನು ಊರಿನ ಅಭ್ಯಾಸದಲ್ಲಿ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಎರಡರಲ್ಲಿ ಒಂದನ್ನು ಆರಿಸುವುದಾದರೆ ಸ್ಟೀಲ್ ಕೌಂಟರನ್ನೇ ನಾನು ಶಿಫಾರಸು ಮಾಡುತ್ತೇನೆ. ಕೊಳ್ಳುವಾಗ ಅಂಗಡಿಯಲ್ಲಿಯೇ ಹನ್ನೆರಡು ಸಲ ಒತ್ತಿ, 9ರಿಂದ 10ಕ್ಕೆ ಅಂಕಿ ಅರ್ಧದಲ್ಲಿ ಸಿಕ್ಕಿಕೊಳ್ಳದೆ ಹೊರಳುತ್ತದೆಯೇ, ತಿರುಪು ತಿರುಗಿಸಿದಾಗ ನಾಲ್ಕೂ ಸೊನ್ನೆಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆಯೇ ಎಂದು ಪರೀಕ್ಷಿಸಿಕೊಳ್ಳಿ.