ಗಾಳದ ಮೀನು ಬೆಳಗಿನವರೆಗೆ ಬದುಕಿರಬೇಕು ಅಂದ್ರೆ: ಹೈಪೋ, ಉಪ್ಪು, ಜಿಯೋಲೈಟ್, ಬಣ್ಣದ ಔಷಧ

ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆಯೂ ಇದೇ ಕಥೆ. ದೊಡ್ಡ ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸೋಣ ಅಂತ ಶನಿವಾರ ಸಂಜೆ ಕೆರೆಯಲ್ಲಿ ಬಲೆ ಹಾಕಿ ಎರಡು ಇಂಚಿನ ಚಿಲ್ಲರೆ ಮೀನು ಹಿಡಿದು ತರುತ್ತೇನೆ, ಬಕೆಟ್‌ಗೆ ಬಿಡುತ್ತೇನೆ, ಭಾನುವಾರ ಬೆಳಿಗ್ಗೆ ನಾಲ್ಕಕ್ಕೆ ಟಾರ್ಚ್ ಹಾಕಿ ನೋಡಿದರೆ ಅರ್ಧಕ್ಕರ್ಧ ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತವೆ. ಬಾಳೆ ಮೀನಾದರೆ ಸತ್ತದ್ದನ್ನೂ ನುಂಗುತ್ತದೆ. ಕೊರವಕ್ಕೆ ಹಾಗಲ್ಲ, ಗಾಳದಲ್ಲಿ ಏನಾದರೂ ಅಲುಗಾಡಬೇಕು. ಹಾಗಾಗಿ ಈ ವರ್ಷ ಮೇ ತಿಂಗಳಲ್ಲಿ ಹಠ ಹಿಡಿದು ಕೂತೆ. ಐದು ಬಕೆಟ್, ಒಂದೊಂದರಲ್ಲಿ 20 ಲೀಟರ್ ನಲ್ಲಿ ನೀರು, ತಲಾ 15 ಮೀನು, ಎಲ್ಲಕ್ಕೂ ಪಂಪ್‌ನ ಗಾಳಿಯನ್ನು ಗುಳ್ಳೆ ಮಾಡಿ ಬಿಡುವ ಗಾಳಿ ಕಲ್ಲು. ಮನೆಯವರು ಐದೂ ಬಕೆಟ್ ಹೋಯ್ತು, ಬಟ್ಟೆ ಎಲ್ಲಿ ನೆನೆಸಲಿ ಅಂತ ಎರಡು ದಿನ ಮಾತು ಬಿಟ್ಟಿದ್ದರು, ಅದು ಬೇರೆ ವಿಷಯ.

ಒಂದು ಬಕೆಟ್‌ಗೆ ಏನೂ ಹಾಕಲಿಲ್ಲ, ನಲ್ಲಿಯಿಂದ ಹಿಡಿದ ಹಾಗೇ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಹನ್ನೊಂದು ಹೋಗಿದ್ದವು. ನಮ್ಮ ಕಲಬುರಗಿಗೆ ಭೀಮಾ, ಬೆಣ್ಣೆತೊರೆ ಕಡೆಯಿಂದ ನೀರು ಬರುತ್ತದೆ, ಅದಕ್ಕೆ ಕ್ಲೋರಿನ್ ಹಾಕಿಯೇ ಬಿಡುತ್ತಾರೆ, ಹಾಕಲೇಬೇಕು. ಕುಡಿಯುವ ನೀರಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನೋದು ನಿಯಮ. ನಮಗೆ ಅಷ್ಟು ಏನೂ ಅಲ್ಲ, ಆದರೆ ಮೀನಿನ ಕಿವಿರು ಆ ನೀರಲ್ಲೇ ಉಸಿರಾಡುತ್ತದಲ್ವಾ, ಸುಟ್ಟು ಹೋಗುತ್ತದೆ.

ಎರಡನೇ ಬಕೆಟ್‌ಗೆ ಹೈಪೋ. ಹಳೇ ಕಾಲದ ಫೋಟೋ ಸ್ಟುಡಿಯೋದವರಿಗೆ ಈ ಹೆಸರು ಚೆನ್ನಾಗಿ ಗೊತ್ತು, ಸೋಡಿಯಂ ಥಯೋಸಲ್ಫೇಟ್. ಅಕ್ವೇರಿಯಂ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೇಳಿದರೆ ಸಕ್ಕರೆ ಹರಳಿನ ಹಾಗೆ ಕೊಡುತ್ತಾರೆ. ಒಂದು ಗ್ರಾಂ ಹಾಕಿದರೆ 50 ಲೀಟರ್ ನಲ್ಲಿ ನೀರಿಗೆ ಧಾರಾಳ. ನನ್ನ ಹತ್ತಿರ ಅಷ್ಟು ಸಣ್ಣ ತಕ್ಕಡಿ ಇಲ್ಲ, ತೊಗರಿ ಬೇಳೆ ಗಾತ್ರದ ನಾಲ್ಕು ಹರಳು ಒಂದು ಬಕೆಟ್‌ಗೆ, ನಮ್ಮೂರಿಗೆ ತಕ್ಕ ಅಳತೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಕ್ಲೋರಿನ್ ಇದ್ದರೆ ನೀರು ಹಳದಿ ಆಗುವ ಆ ಸಣ್ಣ ಕಿಟ್ ಇದೆಯಲ್ಲ, ಅದರಲ್ಲಿ ನೋಡಿದೆ, ಬಣ್ಣವೇ ಬರಲಿಲ್ಲ. ಬೆಳಿಗ್ಗೆ ಸತ್ತಿದ್ದು ಎರಡೇ. ಇದೇ ಕೆಲಸ ಪುಕ್ಕಟೆಯಾಗಿಯೂ ಆಗುತ್ತದೆ, ಅಗಲವಾದ ಟಬ್‌ನಲ್ಲಿ ನೀರು ಹಿಡಿದು ಗಾಳಿ ಪಂಪ್ ಬಿಟ್ಟು ಒಂದು ದಿನ ಬಿಸಿಲಲ್ಲಿ ಇಟ್ಟರೆ ಕ್ಲೋರಿನ್ ತಾನೇ ಹಾರಿ ಹೋಗುತ್ತದೆ, ಆದರೆ ನಮಗೆ ಶನಿವಾರ ಸಂಜೆಯೇ ಜ್ಞಾನೋದಯ ಆಗೋದು.

ಮೂರನೆಯದಕ್ಕೆ ಹೈಪೋ ಬದಲು ಅಂಗಡಿಯವನು ಹೊಗಳಿ ಕೊಟ್ಟ, ಕ್ಲೋರಿನ್ ತೆಗೆಯುವ ನೀಲಿ ಬಾಟಲಿ ದ್ರಾವಣ. ಇದರಲ್ಲೂ ಎರಡೇ ಸತ್ತವು. ಮೀನಿನ ಮೈಯ ಲೋಳೆ ಕಾಪಾಡುತ್ತದೆ, ಒತ್ತಡ ಇಳಿಸುತ್ತದೆ ಅಂತ ಬಾಟಲಿ ಮೇಲೆ ಏನೇನೋ ಬರೆದಿತ್ತು. ನನಗಂತೂ ಹೈಪೋಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ, ಜೇಬಿಗೆ ಮಾತ್ರ ಕಂಡಿತು. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರು ತಗೊಳ್ಳಲಿ, ಒಂದು ರಾತ್ರಿಯ ಗಾಳದ ಮೀನಿಗೆ ಬೇಡ.

ನಾಲ್ಕನೆಯದಕ್ಕೆ ಹೈಪೋ ಜೊತೆ ಉಪ್ಪು. ನನಗೆ ಬೆರಗಾಗಿದ್ದು ಇಲ್ಲೇ. ಲೀಟರ್‌ಗೆ ಎರಡು ಗ್ರಾಂ ಲೆಕ್ಕದಲ್ಲಿ 40 ಗ್ರಾಂ ಕಲ್ಲುಪ್ಪು. ಸಿಹಿನೀರು ಮೀನಿನ ಮೈಯೊಳಗೆ ನೀರು ಸದಾ ನುಗ್ಗುತ್ತಿರುತ್ತದೆ, ಅದರ ಮೈಯ ಉಪ್ಪು ಹೊರಗೆ ಸೋರುತ್ತಿರುತ್ತದೆ, ಬಲೆಯಲ್ಲಿ ಸಿಕ್ಕಿ ಒದ್ದಾಡಿ ಚರ್ಮದ ಲೋಳೆ ಕಿತ್ತುಹೋದ ಮೇಲಂತೂ ಈ ಸೋರಿಕೆ ತಡೆಯೋದೇ ಅದಕ್ಕೆ ದೊಡ್ಡ ಕೆಲಸ ಆಗಿಬಿಡುತ್ತದೆ. ಹೊರಗಿನ ನೀರಲ್ಲೂ ಸ್ವಲ್ಪ ಉಪ್ಪಿದ್ದರೆ ಆ ಕೆಲಸ ಹಗುರ. ಬೆಳಿಗ್ಗೆ ಹದಿನೈದಕ್ಕೆ ಹದಿನೈದೂ ಇದ್ದವು! ಅಷ್ಟೇ ಅಲ್ಲ, ಕೈ ಹಾಕಿದರೆ ಪಟ್ಟನೆ ತಪ್ಪಿಸಿಕೊಳ್ಳುವಷ್ಟು ಚುರುಕು. ಹೈಪೋ ಬಕೆಟ್‌ನವು ಬದುಕಿದ್ದವು, ಆದರೆ ಮಂಕಾಗಿದ್ದವು. ಆ ಚುರುಕಿಗೇ ಅಲ್ವಾ ನಾವು ಇಷ್ಟೆಲ್ಲ ಒದ್ದಾಡೋದು?

ಐದನೆಯದು ಹೈಪೋ ಜೊತೆ ಜಿಯೋಲೈಟ್, ಮೀನು ಸಾಕಣೆಯವರಿಗೆ ಮಾರುವ ಬೂದು ಬಣ್ಣದ ಕಲ್ಲುಪುಡಿ. ಹಳೇ ಸಾಕ್ಸ್‌ನಲ್ಲಿ ಎರಡು ಹಿಡಿ ಕಟ್ಟಿ ಇಳಿಬಿಟ್ಟೆ. ಇದು ಹೀರೋದು ಅಮೋನಿಯಾವನ್ನ. ಮೀನು ಬಿಡುವ ಅಮೋನಿಯಾ ನೀರು ತಣ್ಣಗಿದ್ದಾಗ ಅಷ್ಟು ಕಾಡಲ್ಲ. ಬಿಸಿ ಏರಿದರೆ ಅದರ ವಿಷದ ಪಾಲು ಹೆಚ್ಚುತ್ತದೆ, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7ರಿಂದ 8ಕ್ಕೆ ಹೋಯಿತು ಅಂದರೆ ಅದೊಂದರಿಂದಲೇ ಹತ್ತು ಪಟ್ಟು ಹತ್ತಿರ ಹೆಚ್ಚುತ್ತದೆ. ಮೊದಲ ರಾತ್ರಿ ಉಪ್ಪಿನ ಬಕೆಟ್‌ಗಿಂತ ಹಿಂದೆ ಬಿತ್ತು, ಒಂದು ಸತ್ತಿತ್ತು. ಆದರೆ ಐದನ್ನೂ ನೀರು ಬದಲಿಸದೆ ಇನ್ನೂ ಎರಡು ದಿನ ಇಟ್ಟೆ ನೋಡಿ, ಆಗ ಜಿಯೋಲೈಟ್ ಮುಂದೆ ಬಂತು. ಮೂರನೇ ದಿನ ಅದರಲ್ಲಿ ಹದಿಮೂರು ಉಳಿದಿದ್ದವು, ಉಪ್ಪಿನದರಲ್ಲಿ ಹತ್ತು.

ಎರಡೂ ಒಳ್ಳೆಯದಾದರೆ ಎರಡನ್ನೂ ಒಟ್ಟಿಗೆ ಹಾಕೋಣ ಅನ್ನಿಸುತ್ತದಲ್ವಾ? ನನಗೂ ಅನ್ನಿಸಿತು. ಉಳಿದ ಹದಿಮೂರೂ ಇನ್ನೂ ಚುರುಕಾಗಲಿ ಅಂತ ಜಿಯೋಲೈಟ್ ಬಕೆಟ್‌ಗೇ 40 ಗ್ರಾಂ ಉಪ್ಪು ಸುರಿದೆ. ಸಂಜೆ ಹೊತ್ತಿಗೆ ಎಲ್ಲವೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು, ರಾತ್ರಿಗೆ ನಾಲ್ಕು ಉಳಿದವು. ಜಿಯೋಲೈಟ್ ಅಮೋನಿಯಾವನ್ನ ನುಂಗಿ ಜೀರ್ಣ ಮಾಡಲ್ಲ, ಸುಮ್ನೆ ಹಿಡಿದುಕೊಂಡಿರುತ್ತದೆ. ಉಪ್ಪಿನ ಸೋಡಿಯಂ ಬಂದರೆ ಅದಕ್ಕೆ ಜಾಗ ಕೊಟ್ಟು ಹಿಡಿದದ್ದನ್ನೆಲ್ಲ ನೀರಿಗೆ ವಾಪಸ್ ಬಿಡುತ್ತದೆ. ಮೂರು ದಿನದ ಹೊಲಸು ಒಂದೇ ಸಲ.

ಇನ್ನು ಬಣ್ಣದ ಔಷಧಗಳು. ಪೊಟ್ಯಾಸಿಯಂ ಪರ್ಮಾಂಗನೇಟ್ ಎಷ್ಟೋ ಜನ ಒಂದು ಚಿಟಿಕೆ ಹಾಕಿ ಅಂತಾರೆ. ಆ ಚಿಟಿಕೆಯಲ್ಲೇ ಇರೋದು ಸಾವು. ಲೀಟರ್‌ಗೆ 2 ಮಿಲಿಗ್ರಾಂ ಸಾಕು, ಅಂದರೆ ಬಕೆಟ್‌ಗೆ 40 ಮಿಲಿಗ್ರಾಂ, ನಮ್ಮ ಚಿಟಿಕೆ ಅದರ ಎಷ್ಟೋ ಪಟ್ಟು. ಹೋದ ವರ್ಷ ನಾನೇ ಚಿಟಿಕೆ ಹಾಕಿ ಇಡೀ ಬಕೆಟ್ ಕಳಕೊಂಡೆ. ಒಂದು ಗ್ರಾಂ ಅನ್ನು ಒಂದು ಲೀಟರ್ ನೀರಲ್ಲಿ ಕರಗಿಸಿ ಇಟ್ಟುಕೊಂಡು ಅದರಿಂದ 40 ಎಂಎಲ್ ಅಳೆದು ಹಾಕಿದರೆ ಸರಿ. ಮೈಮೇಲೆ ಹುಳ, ಗಾಯ ಕಂಡರೆ ಮಾತ್ರ ಅದರ ಗೊಡವೆಗೆ ಹೋಗಿ. ಮಿಥಿಲೀನ್ ಬ್ಲೂ ಬೂಸಲಿಗೆ ಒಳ್ಳೆಯದು, ಒಂದು ರಾತ್ರಿಗೆ ಅದರ ಅಗತ್ಯವೇ ಇಲ್ಲ, ಫರಸಿ ಕಲ್ಲಿನ ಮೇಲೆ ಬಿದ್ದ ಕಲೆ ಇನ್ನೂ ಹೋಗಿಲ್ಲ. ಅರಿಶಿನವನ್ನೂ ಒಂದು ಸಲ ಹಾಕಿ ನೋಡಿದ್ದೇನೆ. ನೀರು ಹಳದಿ ಆಯ್ತು, ಅಷ್ಟೇ.

ಈ ಪ್ರಯೋಗದ ಕಥೆಯನ್ನೆಲ್ಲ ಭೀಮಾ ದಂಡೆಯಲ್ಲಿ ಬಲೆ ಬಿಡುವ ಒಬ್ಬ ಕಾಕಾಗೆ ಹೇಳಿದೆ. ಅವರು ಬೀಡಿ ಹಚ್ಚುತ್ತಾ, "ಮೊದಲ ನೀರು ತಣ್ಣಗ ಇಡು ತಮ್ಮಾ, ಆಮ್ಯಾಲ ಔಷಧದ ಮಾತು. ಮತ್ತ ಹಿಡಿದ ಮ್ಯಾಲ ಅವಕ್ಕ ಏನೂ ತಿನ್ಸಬ್ಯಾಡ" ಅಂದರು. ಎರಡೂ ನಿಜ. ಹೊಟ್ಟೆ ಖಾಲಿ ಇದ್ದರೆ ಹೊಲಸು ಕಡಿಮೆ, ಅಮೋನಿಯಾ ಕಡಿಮೆ. ಇನ್ನು 20 ಡಿಗ್ರಿ ನೀರಲ್ಲಿ ಲೀಟರ್‌ಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿಸಿದರೆ 35 ಡಿಗ್ರಿಯಲ್ಲಿ 7 ಕೂಡ ಹಿಡಿಸಲ್ಲ, ಬಿಸಿ ನೀರಲ್ಲಿ ಮೀನಿಗೆ ಬೇಕಾಗೋದು ಮಾತ್ರ ಜಾಸ್ತಿ. ನಮ್ಮ ಮೇ ತಿಂಗಳಲ್ಲಿ 42 ಡಿಗ್ರಿ ಮಾಮೂಲು. ಈಗ ಬಕೆಟ್ ಸುತ್ತ ಹಸಿ ಗೋಣಿಚೀಲ ಸುತ್ತಿ ನೆರಳಲ್ಲಿ ಇಡುತ್ತೇನೆ. ಇಲ್ಲಿನ ಒಣ ಗಾಳಿಗೆ ಅದು ಮಡಕೆ ನೀರಿನ ಹಾಗೆ ತಣ್ಣಗಾಗುತ್ತದೆ. ಐಸ್ ಹಾಕುವುದಾದರೆ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿ ಬಾಟಲಿ ಸಮೇತ ಇಳಿಬಿಡಿ. ಬರೀ ಐಸ್ ಕರಗಿದರೆ ಅದರಲ್ಲಿರುವ ನಲ್ಲಿ ನೀರೂ ಒಳಗೆ ಬಂದ ಹಾಗೆ.

ಹಾಗಾಗಿ ಈಗ ನನ್ನ ಪದ್ಧತಿ ಹೀಗೆ. ಬೆಳಿಗ್ಗೆ ಹೊರಡೋದಿದ್ದರೆ ಹೈಪೋ, ಉಪ್ಪು, ಗಾಳಿ, ಗೋಣಿಚೀಲ. ವಾರಕ್ಕೆ ಮೊದಲೇ ಮೀನು ಸಿಕ್ಕಿ ಮನೆಯ ಟಬ್‌ನಲ್ಲಿ ಇಡಬೇಕಾದರೆ ಹೈಪೋ, ಜಿಯೋಲೈಟ್, ಉಪ್ಪಿನ ಮಾತೇ ಇಲ್ಲ. ಹೊರಡುವ ಹಿಂದಿನ ಸಂಜೆ ಸಾಕ್ಸ್ ಎತ್ತಿ ಹೊರಗಿಟ್ಟು, ಅರ್ಧ ನೀರು ಬದಲಿಸಿ, ಆಮೇಲೆ ಉಪ್ಪು. ಎತ್ತಿಟ್ಟ ಸಾಕ್ಸ್ ಬಿಸಾಡಬೇಡಿ. ಬೇರೆ ಡಬ್ಬಿಯಲ್ಲಿ ಗಟ್ಟಿ ಉಪ್ಪುನೀರು ಮಾಡಿ ಒಂದು ದಿನ ನೆನೆಹಾಕಿದರೆ, ನನ್ನ ಒಂಬತ್ತು ಮೀನು ಕೊಂದ ಅದೇ ಗುಣದಿಂದ ಅಮೋನಿಯಾ ಎಲ್ಲ ಡಬ್ಬಿಗೆ ಇಳಿಯುತ್ತದೆ. ಚೆನ್ನಾಗಿ ತೊಳೆದು ಒಣಗಿಸಿ, ಮುಂದಿನ ವಾರಕ್ಕೆ ಮತ್ತೆ ತಯಾರು.