ಆರು ವರ್ಷ, 212 ಗಂಟೆ: ಕೊಡಗಿನಲ್ಲಿ ಒಂದು ಮೈಕ್ರೋಲೈಟ್ ಸಾಕಿದ ಅನುಭವ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಆರು ವರ್ಷದಲ್ಲಿ ನಮ್ಮ ಮೈಕ್ರೋಲೈಟಿನ, ಅಂದರೆ ಪುಟ್ಟ ವಿಮಾನದ, ಮೀಟರ್ ಓಡಿದ್ದು 212 ಗಂಟೆ. ನಾವು ಮೂವರು ಪಾಲುದಾರರು. ನನ್ನ ಪಾಲಿಗೆ ಬಂದದ್ದು 80 ಗಂಟೆ ಚಿಲ್ಲರೆ. ಅಂದರೆ ವರ್ಷಕ್ಕೆ ಹದಿಮೂರು, ಹದಿನಾಲ್ಕು ಗಂಟೆ. ರೆಕ್ಕೆ ಒರೆಸಿದ್ದು, ಕಾಗದಕ್ಕೆ ಸಹಿ ಹಾಕಿದ್ದು, ಮಂಜು ಕರಗಲಿ ಅಂತ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತದ್ದು ಎಲ್ಲ ಸೇರಿದರೆ ಅದರ ಹತ್ತು ಪಟ್ಟಾದರೂ ಆಗಿರಬೇಕು. "ವಿಮಾನ ತಗೊಂಡ್ರೆ ಹೇಗೆ?" ಅಂತ ಕೇಳುವವರಿಗೆ ಈ ಎರಡೂ ಲೆಕ್ಕ ಒಟ್ಟಿಗೇ ಹೇಳುತ್ತೇನೆ. ಒಂದನ್ನೇ ಹೇಳಿದರೆ ಮೋಸ ಆಗುತ್ತದೆ.

ವಿಮಾನ ಅಂದ ಕೂಡಲೇ ದೊಡ್ಡದೇನನ್ನೋ ಊಹಿಸಬೇಡಿ. ಮೂರು ಚಕ್ರದ ಟ್ರೈಕ್ ಇದು. ತಲೆಯ ಮೇಲೆ ಬಟ್ಟೆಯ ರೆಕ್ಕೆ, ಮುಂದೊಂದು ಹಿಂದೊಂದು ಸೀಟು, ಬೆನ್ನ ಹಿಂದೆ 80 ಕುದುರೆಶಕ್ತಿಯ ರೋಟಾಕ್ಸ್ 912 ಇಂಜಿನ್. ಬಾಗಿಲಿಲ್ಲ, ಚಾವಣಿ ಇಲ್ಲ. ಖಾಲಿ ತೂಕ 225 ಕೆ.ಜಿ. ಆರಾಮಾಗಿ ಹೋಗುವ ವೇಗ ಗಂಟೆಗೆ 95 ಕಿ.ಮೀ. ಹುಣಸೂರು ದಾಟಿದ ಮೇಲೆ ನಮ್ಮ ಹಳೇ ಕಾರೇ ಇದಕ್ಕಿಂತ ಜೋರಾಗಿ ಓಡುತ್ತದೆ.

ನಮ್ಮ ಕಡೆ ವಿಮಾನ ಅಂದರೆ ಏರ್‌ಫೋರ್ಸ್ ಅಂತಲೇ ಅರ್ಥ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತ ಇದೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾದ ಹತ್ತಿರ, ಮಿಸ್ಟೇರ್ ವಿಮಾನದಲ್ಲಿದ್ದು, ತನ್ನದಕ್ಕಿಂತ ಎಷ್ಟೋ ವೇಗದ ಶತ್ರು ವಿಮಾನ ಸ್ಟಾರ್‌ಫೈಟರನ್ನು ಕೆಡವಿದವರು ಅವರು. ಅಂಥ ಊರಲ್ಲಿ ನಾನು 'ಪೈಲಟ್' ಅಂತ ಹೇಳಿಕೊಳ್ಳಲು ಇವತ್ತಿಗೂ ಸ್ವಲ್ಪ ನಾಚಿಕೆ. ಪಕ್ಕದ ತೋಟದ ಅಜ್ಜ ಮೊದಲ ಸಲ ನೋಡಲು ಬಂದಾಗ ರೆಕ್ಕೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು.

"ಇದು ಕಾಫಿ ಮುಚ್ಚೋ ಟಾರ್ಪಾಲಿಗಿಂತ ತೆಳು ಅಲ್ವಾ ಮಗ?"

"ಹೌದು ಅಜ್ಜ."

"ಮನೆಯಲ್ಲಿ ಹೇಳಿದ್ದೀಯಾ?"

ಓಡಿಸುವುದು ಕಷ್ಟವೇ? ಬೈಕ್ ಓಡಿಸಿದವರಿಗೆ ಬೇಗ ಕೈಗೆ ಹತ್ತುತ್ತದೆ, ಆದರೆ ಕೆಲವು ಅಭ್ಯಾಸ ಉಲ್ಟಾ. ಎದೆಯ ಮುಂದೆ ಅಡ್ಡಕ್ಕೆ ಒಂದು ಬಾರ್ ಇರುತ್ತದೆ. ಅದನ್ನು ಮುಂದಕ್ಕೆ ತಳ್ಳಿದರೆ ಮೂತಿ ಮೇಲೇಳುತ್ತದೆ, ವೇಗ ಇಳಿಯುತ್ತದೆ. ಎದೆಗೆ ಎಳೆದುಕೊಂಡರೆ ವೇಗ ಏರುತ್ತದೆ. ನೆಲದ ಮೇಲೆ ಬಲಗಾಲು ಒತ್ತಿದರೆ ಗಾಡಿ ಎಡಕ್ಕೆ ತಿರುಗುತ್ತದೆ. ಮೊದಲ ತಿಂಗಳು ನಾನು ಎಷ್ಟು ಸಲ ಹುಲ್ಲಿಗೆ ನುಗ್ಗಿಸಿದ್ದೇನೆ ಅಂತ ನನ್ನ ಗುರುಗಳನ್ನೇ ಕೇಳಬೇಕು.

ಇಂಜಿನ್ ಬಗ್ಗೆ ನನಗೆ ದೂರೇ ಇಲ್ಲ. ಸಿಲಿಂಡರಿಗೆ ಗಾಳಿ, ತಲೆಗೆ ನೀರು, ಹೀಗೆ ಎರಡೂ ಬಗೆಯ ತಂಪು ಅದಕ್ಕೆ. ಇಗ್ನಿಷನ್ನೂ ಎರಡು. ಒಂದು ಕೈಕೊಟ್ಟರೆ ಇನ್ನೊಂದು ಮನೆ ಮುಟ್ಟಿಸುತ್ತದೆ. ಬೆಳಗ್ಗೆ ಆಯಿಲ್ ನೋಡುವ ಕ್ರಮ ಮಾತ್ರ ವಿಚಿತ್ರ. ಸುಮ್ನೆ ಕಡ್ಡಿ ಅದ್ದಿ ನೋಡಿದರೆ ಸುಳ್ಳು ಹೇಳುತ್ತದೆ. ಆಯಿಲೆಲ್ಲ ಇಂಜಿನ್ನಿನ ಹೊಟ್ಟೆಯಲ್ಲಿ ಉಳಿದಿರುತ್ತದೆ. ಇಗ್ನಿಷನ್ ಆಫ್ ಇದೆಯಾ ಅಂತ ಎರಡೆರಡು ಸಲ ನೋಡಿ, ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು, ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಬೇಕು. ಹತ್ತು ಸುತ್ತು, ಹನ್ನೆರಡು ಸುತ್ತು. ಆಮೇಲೆ ಒಮ್ಮೆ ಟ್ಯಾಂಕಿನೊಳಗೆ 'ಗುಳುಕ್' ಅಂತ ತೇಗಿದ ಸದ್ದು ಬರುತ್ತದೆ. ಆಗ ಕಡ್ಡಿ ಅದ್ದಬೇಕು. ನಮ್ಮ ಮನೆ ಮಗು ಹಾಲು ಕುಡಿದಾಗ ಬೆನ್ನು ತಟ್ಟಿ ತೇಗು ಬರಿಸುತ್ತಿದ್ದ ಹಾಗೇ. ಸ್ಟಾರ್ಟ್ ಮಾಡಿದ ಮೇಲೂ ಅವಸರ ಇಲ್ಲ, ಆಯಿಲ್ 50 ಡಿಗ್ರಿಗೆ ಬಿಸಿಯಾಗುವ ತನಕ ಪೂರ್ತಿ ಥ್ರಾಟಲ್ ಕೊಡುವ ಹಾಗಿಲ್ಲ. ಡಿಸೆಂಬರ್ ಚಳಿಯಲ್ಲಿ ಅದಕ್ಕೇ ಹತ್ತು ನಿಮಿಷ.

ದೊಡ್ಡ ತಲೆನೋವು ಪೆಟ್ರೋಲು. ಕೊಂಡಾಗ ಇದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಗಂಟೆಗೆ 13 ಲೀಟರ್ ಕುಡಿಯುತ್ತದೆ. ಮೊದಮೊದಲು ಪಂಪಿನಿಂದಲೇ ಕ್ಯಾನಿನಲ್ಲಿ ತರುತ್ತಿದ್ದೆವು. ಈಗ ಪಂಪಿನ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್. ನಮ್ಮ ಇಂಜಿನ್ನಿಗೆ ಕಂಪನಿ ಒಪ್ಪಿರುವುದು ಶೇ. 10ರ ತನಕ ಮಾತ್ರ. ಎಥೆನಾಲ್ ನೀರು ಹೀರುತ್ತದೆ ಅನ್ನುವುದು ಬೇರೆ ಊರಿನವರಿಗೆ ಪಾಠ ಇರಬಹುದು. ಉಪ್ಪಿನ ಡಬ್ಬಿಯಲ್ಲೇ ನೀರು ಒಸರುವ ಕೊಡಗಿನಲ್ಲಿ ಅದು ನಿತ್ಯದ ಸಂಗತಿ.

ನಂಬಿಕೆ ಇಲ್ಲದಿದ್ದರೆ ನೀವೇ ನೋಡಿ. ಗೆರೆ ಇರುವ ಗಾಜಿನ ಕೊಳವೆಯಲ್ಲಿ 10 ಮಿ.ಲೀ. ನೀರು ಹಾಕಿ, ಮೇಲೆ 90 ಮಿ.ಲೀ. ಪೆಟ್ರೋಲ್ ಸುರಿದು, ಬಾಯಿ ಮುಚ್ಚಿ ಕುಲುಕಿ ಇಡಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಕೆಳಗಿನ ನೀರಿನ ಪದರ ಹತ್ತರ ಗೆರೆಯಲ್ಲಿ ಇರುವುದಿಲ್ಲ, ಇಪ್ಪತ್ತೇಳರ ಹತ್ತಿರಕ್ಕೆ ಏರಿರುತ್ತದೆ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿಕೊಂಡಿದೆ ಅಂತ ಅರ್ಥ. ಇದೇ ಆಟ ಟ್ಯಾಂಕಿನೊಳಗೆ ನಡೆದರೆ ಗತಿ ಏನು? ಹಾಗಾಗಿ ಈಗ ಬೆಂಗಳೂರಿನಿಂದ ವಿಮಾನದ ಪೆಟ್ರೋಲನ್ನೇ ಬ್ಯಾರೆಲಿನಲ್ಲಿ ತರಿಸುತ್ತೇವೆ. ಅದರಲ್ಲಿ ಸೀಸ ಇರುವುದರಿಂದ ಆಯಿಲನ್ನು 100 ಗಂಟೆಗಲ್ಲ, 50ಕ್ಕೇ ಬದಲಿಸಬೇಕು. ಖರ್ಚು ಎಲ್ಲಿಗೆ ಹೋಯಿತು ಅಂತ ಹೆಂಡತಿ ಕೇಳಿದಾಗ ಈ ಕೊಳವೆಯನ್ನೇ ತೋರಿಸಿದ್ದೆ. ಅವಳು ಅದನ್ನು ನೋಡಿ, "ಇದನ್ನ ನಮ್ಮ ಸ್ಕೂಟರಿಗೂ ಮಾಡಿ ನೋಡ್ಬೇಕಲ್ಲ" ಅಂದಳು. ವಿಷಯ ಸ್ಕೂಟರಿಗೆ ತಿರುಗಿತು, ನಾನು ಬಚಾವು.

ಇನ್ನು ಹವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಾರಾಟ ಇಲ್ಲವೇ ಇಲ್ಲ. ಮೇ ಕೊನೆಯಲ್ಲೇ ರೆಕ್ಕೆ ಬಿಚ್ಚಿ, ಒಂದು ದಿನ ಪೂರ್ತಿ ಒಣಗಿಸಿ, ಚೀಲಕ್ಕೆ ಹಾಕಿ, ಶೆಡ್ಡಿನ ಮಾಡಿನ ತೊಲೆಗೆ ನೇತುಹಾಕುತ್ತೇವೆ. ಮೊದಲ ವರ್ಷ ಇದು ಗೊತ್ತಿರಲಿಲ್ಲ. ರೆಕ್ಕೆ ಟ್ರೈಕಿನ ಮೇಲೇ ಇತ್ತು. ಕಕ್ಕಡ ಮಳೆ ಮುಗಿದು ನೋಡಿದಾಗ ಹೊಲಿಗೆಯ ಉದ್ದಕ್ಕೂ ಕಪ್ಪು ಬೂಷ್ಟು ಹಿಡಿದಿತ್ತು. ಸೋಪಿನ ನೀರಲ್ಲಿ ಮೆತ್ತಗಿನ ಬ್ರಷ್ ಹಿಡಿದು ಎರಡು ದಿನ ಉಜ್ಜಿದೆವು. ಬಟ್ಟೆ ಬದುಕಿತು, ಕಲೆ ಇವತ್ತಿಗೂ ಇದೆ. ಈ ಬಟ್ಟೆಗೆ ಬಿಸಿಲೂ ಆಗುವುದಿಲ್ಲ, ವರ್ಷಾನುಗಟ್ಟಲೆ ಬಿಸಿಲಿಗಿಟ್ಟರೆ ಹೊಲಿಗೆಯ ನೂಲು ಸತ್ವ ಕಳೆದುಕೊಳ್ಳುತ್ತದೆ. ಮಳೆಗೂ ಆಗದು, ಬಿಸಿಲಿಗೂ ಆಗದು. ಅಳಿಯನ ಹಾಗೆ ನೋಡಿಕೊಳ್ಳಬೇಕು.

ಸೆಪ್ಟೆಂಬರಿನ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ದಿನ ಕೋವಿಯ ನಳಿಗೆಗೆ ತೋಕ್‌ಪೂ ಹೂವನ್ನು ಸಿಗಿಸುತ್ತಾರಲ್ಲ, ನಮ್ಮ ಪಾಲುದಾರರಲ್ಲಿ ಒಬ್ಬರು ಪ್ರೊಪೆಲ್ಲರಿಗೂ ಒಂದು ಹೂ ಇಡುತ್ತಾರೆ. ಹೊರಗೆ ಮಳೆ ಹೊಡೆಯುತ್ತಿರುತ್ತದೆ. ರೆಕ್ಕೆಯಿಲ್ಲದ ವಿಮಾನಕ್ಕೆ ಪೂಜೆ.

ಮಳೆ ಬಿಟ್ಟ ಮೇಲೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಗಾಳಿ ತಣ್ಣಗೆ, ಆಕಾಶ ಶುಭ್ರ. ಕಾಫಿ ಕುಯ್ಲೂ ಆಗಲೇ! ಡಿಸೆಂಬರಿನಿಂದ ಹಣ್ಣು ಕೆಂಪಾಗಲು ಶುರು. ಕೆಲಸದವರು ಸಿಗುವುದು ಕಷ್ಟ, ಕಣದಲ್ಲಿ ಒಬ್ಬರಾದರೂ ನಿಂತಿರಬೇಕು. ಅದೇ ಬೆಳಗ್ಗೆ ಏಳೂವರೆಗೆ ಮಂಜು ಒಡೆದು ನೀಲಿ ಕಾಣುತ್ತದೆ. ಹತ್ತೂವರೆಗೆ ನೆಲ ಕಾದು ಗಾಳಿ ಕುಲುಕಲು ಶುರು. ಮಧ್ಯದಲ್ಲಿ ಸಿಗುವುದು ಎರಡರಿಂದ ಮೂರು ಗಂಟೆ. ಸೂರ್ಯ ಮುಳುಗಿದ ಮೇಲೆ ನಿಯಮದ ಪ್ರಕಾರ ಹಾರುವ ಹಾಗಿಲ್ಲ. ಕಾಫಿ ಬೆಳೆಗಾರ ಈ ಹವ್ಯಾಸ ಇಟ್ಟುಕೊಂಡರೆ ಪ್ರತಿ ಜನವರಿಯಲ್ಲೂ ಮನೆಯಲ್ಲಿ ಒಂದು ಜಗಳ ಗ್ಯಾರಂಟಿ. ನನ್ನ 80 ಗಂಟೆಯ ಗುಟ್ಟು ಇದೇ. ಮೂರನೇ ಪಾಲುದಾರರು ಗೋಣಿಕೊಪ್ಪದಲ್ಲಿ ಅಂಗಡಿ ಇಟ್ಟವರು, ಅವರಿಗೆ ಕುಯ್ಲಿನ ಕಾಟ ಇಲ್ಲ. ಒಳ್ಳೊಳ್ಳೆಯ ಬೆಳಗೆಲ್ಲ ಅವರ ಪಾಲು.

ಮಾರ್ಚ್, ಏಪ್ರಿಲ್‌ನಲ್ಲಿ ಬೇರೆ ಕಥೆ. ನಮ್ಮ ಪಟ್ಟಿ, ಅಂದರೆ ಓಡುವ ಹುಲ್ಲಿನ ಜಾಗ, ಪೊನ್ನಂಪೇಟೆ ಕಡೆ ಸಮುದ್ರಮಟ್ಟದಿಂದ ಸುಮಾರು 2,800 ಅಡಿ ಮೇಲಿದೆ. ಮಧ್ಯಾಹ್ನ 32 ಡಿಗ್ರಿ ಸೆಖೆಯಲ್ಲಿ ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ, ರೆಕ್ಕೆಗೂ ಇಂಜಿನ್ನಿಗೂ ತಾವು 5,500 ಅಡಿಯಲ್ಲಿ ಇದ್ದ ಹಾಗೆ ಅನಿಸುತ್ತದೆ. ತಡಿಯಂಡಮೋಳ್ ಬೆಟ್ಟದ ತುದಿ 5,700 ಅಡಿ ಚಿಲ್ಲರೆ. ಹೆಚ್ಚುಕಮ್ಮಿ ಆ ಬೆಟ್ಟದ ನೆತ್ತಿಯಿಂದಲೇ ಏರಿದ ಹಾಗೆ. ಹಿಂದಿನ ಸೀಟಿನಲ್ಲಿ ದಪ್ಪಗಿನ ಭಾವ ಕೂತಿದ್ದ ಒಂದು ದಿನ ಪಟ್ಟಿಯ ಮುಕ್ಕಾಲು ಮುಗಿದರೂ ಚಕ್ರ ನೆಲ ಬಿಡಲಿಲ್ಲ. ಥ್ರಾಟಲ್ ತೆಗೆದು ನಿಲ್ಲಿಸಿದೆ. ಇಬ್ಬರೂ ಇಳಿದು ಮನೆಗೆ ಹೋಗಿ ಊಟ ಮಾಡಿದೆವು. ಆಮೇಲೆ ಸೆಖೆಯಲ್ಲಿ ಇಬ್ಬರು ಹತ್ತುವುದನ್ನೇ ಬಿಟ್ಟೆವು.

ಆದರೂ ಆ ತಿಂಗಳುಗಳನ್ನು ಬಿಡಲು ಮನಸ್ಸಾಗುವುದಿಲ್ಲ. ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ತೋಟ ಅರಳುತ್ತದೆ. ನೆಲದಲ್ಲಿ ನಿಂತರೆ ನಿಮ್ಮ ತೋಟ ಮಾತ್ರ ಕಾಣುತ್ತದೆ. ಮೇಲಿನಿಂದ ಯಾರ ತೋಟಕ್ಕೆ ಮಳೆ ಬಿತ್ತು, ಯಾರದ್ದಕ್ಕೆ ಬೀಳಲಿಲ್ಲ, ಯಾರು ಸ್ಪ್ರಿಂಕ್ಲರ್ ಹಾಕಿದ್ದಾರೆ, ಎಲ್ಲ ಗೊತ್ತಾಗುತ್ತದೆ. ಒಂದು ಬೇಲಿಯ ಈಚೆ ಬಿಳಿ, ಆಚೆ ಹಸಿರು. ಇಳಿಯಲು ಬರುವಾಗ ಮರದ ನೆತ್ತಿಗೆ ಹತ್ತಿರವಾದಂತೆ ಆ ವಾಸನೆ ಹೆಲ್ಮೆಟ್ಟಿನ ಒಳಗೇ ತುಂಬುತ್ತದೆ. ಬಾಗಿಲಿಲ್ಲದ ವಿಮಾನ ಕೊಂಡದ್ದಕ್ಕೆ ಪಶ್ಚಾತ್ತಾಪ ಆಗದ ದಿನ ಅದು.

ಹೊಸಬರು ಕೇಳದೇ ಬಿಡುವ ಪ್ರಶ್ನೆ: ಇಂಜಿನ್ ನಿಂತರೆ ಎಲ್ಲಿ ಇಳಿಯುತ್ತೀರಿ? ಕೊಡಗಿನಲ್ಲಿ ಇದಕ್ಕೆ ಉತ್ತರ ಸುಲಭ ಅಲ್ಲ. ಕಾಫಿ ತೋಟ ಅಂದರೆ ಮೇಲೆಲ್ಲ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅಲ್ಲಿ ಇಳಿಯುವುದು ಅಂದರೆ ಮರದ ಮೇಲೆ ಬೀಳುವುದೇ. ಉಳಿದದ್ದು ಗದ್ದೆ ಬಯಲು. ನಾವು ನೇರ ದಾರಿ ಬಿಟ್ಟು, ಬಯಲಿನಿಂದ ಬಯಲಿಗೆ ಹಾವಿನ ಹಾಗೆ ಹೋಗುತ್ತೇವೆ. ಪುತ್ತರಿ ಕಳೆದು ಭತ್ತ ಕುಯ್ದ ಮೇಲೆ ಗದ್ದೆ ಒಣಗಿ ಗಟ್ಟಿಯಾದಾಗ ಧೈರ್ಯ. ಅಕ್ಟೋಬರಿನಲ್ಲಿ ಅದೇ ಗದ್ದೆ ಕೆಸರು, ಮುಂದಿನ ಚಕ್ರ ಸಿಕ್ಕಿಕೊಂಡರೆ ಪಲ್ಟಿ. ಇತ್ತೀಚೆಗೆ ಗದ್ದೆಗಳನ್ನು ಪಾಳು ಬಿಡುತ್ತಿದ್ದಾರೆ, ಮಣ್ಣು ತುಂಬಿಸಿ ಸೈಟ್ ಮಾಡುತ್ತಿದ್ದಾರೆ. ಅದರ ಬಗ್ಗೆ ಬೇಸರಪಡಲು ನನಗೆ ಬೇರೆಯವರಿಗಿಂತ ಒಂದು ಕಾರಣ ಜಾಸ್ತಿ. ಬ್ರಹ್ಮಗಿರಿಯ ಸಾಲಿಗಂತೂ ಹತ್ತಿರ ಹೋಗುವುದಿಲ್ಲ. ಪಡುವಣ ಗಾಳಿ ಬೆಟ್ಟ ಹತ್ತಿ ಈಚೆಗೆ ಇಳಿಯುವಾಗ ತೊಟ್ಟಿಲು ತೂಗಿದ ಹಾಗಲ್ಲ, ಮೊರದಲ್ಲಿ ಕೇರಿದ ಹಾಗೆ ಆಡಿಸುತ್ತದೆ.

ಆನೆ ಬಗ್ಗೆ ಹೇಳದಿದ್ದರೆ ದಕ್ಷಿಣ ಕೊಡಗಿನವನು ಅಂತ ಯಾರೂ ನಂಬಲಿಕ್ಕಿಲ್ಲ. ರಾತ್ರಿ ಪಟ್ಟಿ ದಾಟಿ ಹೋಗುತ್ತವೆ. ಹುಲ್ಲು ಹಸಿ ಇದ್ದರೆ ಒಂದೊಂದು ಹೆಜ್ಜೆಯೂ ತಟ್ಟೆಯಷ್ಟು ಅಗಲದ ಗುಂಡಿ. ಹಾಗಾಗಿ ಪ್ರತಿ ಬೆಳಗ್ಗೆ ಸಲಿಕೆ ಹಿಡಿದು ಪಟ್ಟಿಯ ಉದ್ದಕ್ಕೂ ನಡೆದು, ಗುಂಡಿ ಮುಚ್ಚಿ, ಲದ್ದಿ ಎತ್ತಿ, ಆಮೇಲೇ ಶೆಡ್ಡಿನ ಬಾಗಿಲು. ಲದ್ದಿ ಬಿಸಿ ಇದ್ದರೆ ವಾಪಸ್ ಮನೆಗೆ.

ಆರು ವರ್ಷದಲ್ಲಿ ನಿಜವಾಗಿ ಹೆದರಿದ್ದು ಒಂದೇ ಸಲ. ಅದಕ್ಕೆ ಕಾರಣ ಆನೆಯಲ್ಲ, ಕಣಜದ ಹುಳ. ಮೂತಿಯಲ್ಲಿ ಗಾಳಿಯ ಒತ್ತಡ ಹಿಡಿದು ವೇಗ ತೋರಿಸುವ ಸಣ್ಣ ಕೊಳವೆ ಇದೆ. ಅದಕ್ಕೆ ಕೆಂಪು ರಿಬ್ಬನ್ನಿನ ಮುಚ್ಚಳ ಹಾಕಿಡಬೇಕು. ಒಂದು ವಾರ ಮರೆತಿದ್ದೆವು. ಏರಿದ ಮೇಲೆ ನೋಡಿದರೆ ವೇಗದ ಮುಳ್ಳು ಸೊನ್ನೆಯಲ್ಲೇ. ಕೈ ಬೆವರಿತು. ಏರುವ ಮುಂಚೆ ಓಡುವಾಗಲೇ ನೋಡಬೇಕಿತ್ತು, ನೋಡಿರಲಿಲ್ಲ, ತಪ್ಪು ನನ್ನದೇ. ಬಾರ್ ಎದೆಯಿಂದ ಎಷ್ಟು ದೂರ ಇದೆ, ಕಿವಿಯಲ್ಲಿ ಗಾಳಿಯ ಸದ್ದು ಎಷ್ಟಿದೆ ಅನ್ನುವುದರ ಮೇಲೇ ಒಂದು ಸುತ್ತು ಹಾಕಿ, ಸ್ವಲ್ಪ ಜಾಸ್ತಿ ವೇಗದಲ್ಲೇ ಇಳಿಸಿದೆ. ಕೊಳವೆಗೆ ಕಡ್ಡಿ ಹಾಕಿ ಕೆರೆದರೆ ಕಣಜ ಕಟ್ಟಿದ ಗೂಡಿನ ಒಣಮಣ್ಣು ಪುಡಿಪುಡಿಯಾಗಿ ಬಂತು. ಹಿಂದೆಯೇ ಒಂದು ಹಸಿರು ಹುಳು.

ದುಡ್ಡಿನ ವಿಷಯ. ಕಳೆದ ವರ್ಷ ವಿಮೆ, ಪೆಟ್ರೋಲು, ಶೆಡ್ಡು, ಪರ್ಮಿಟ್, ಮೆಡಿಕಲ್ ಎಲ್ಲ ಸೇರಿ ನನ್ನ ಪಾಲಿಗೆ ಬಂದದ್ದು 1 ಲಕ್ಷ 40 ಸಾವಿರ. ಹಾರಿದ್ದು 12 ಗಂಟೆ. ಭಾಗಿಸಿ ನೋಡಲು ಹೋಗಬೇಡಿ, ನಾನು ಹೋಗಿ ಕೆಟ್ಟೆ. ಬಾಡಿಗೆಗೆ ಜನ ಕೂರಿಸಿ ದುಡ್ಡು ಎತ್ತೋಣ ಅಂದರೆ ಖಾಸಗಿ ಲೈಸೆನ್ಸಿನಲ್ಲಿ ಅದಕ್ಕೆ ಅವಕಾಶ ಇಲ್ಲ. ಹಾರದೆ ನಿಲ್ಲಿಸಿದರೆ ಉಳಿತಾಯ ಅಂತಲೂ ಅಲ್ಲ. ರಬ್ಬರ್ ಪೈಪುಗಳನ್ನೆಲ್ಲ 5 ವರ್ಷಕ್ಕೊಮ್ಮೆ ಬದಲಿಸಲೇಬೇಕು, ಹಾರಿದರೂ ಅಷ್ಟೇ, ನಿಂತರೂ ಅಷ್ಟೇ. ಹೊಸ 912ಕ್ಕೆ ಓವರ್‌ಹಾಲ್ 2,000 ಗಂಟೆಗೆ ಅಥವಾ 15 ವರ್ಷಕ್ಕೆ, ಯಾವುದು ಮೊದಲೋ ಅದು. ನಮ್ಮ ನಡಿಗೆಯಲ್ಲಿ 2,000 ಗಂಟೆ ಮುಗಿಯಲು 56 ವರ್ಷ ಬೇಕು! ಇಂಜಿನ್ ಸವೆಯುವುದಿಲ್ಲ, ಕ್ಯಾಲೆಂಡರ್ ಸವೆಯುತ್ತದೆ. ಕಳೆದ ಸಲ ಪೈಪಿನ ಪಾರ್ಸೆಲ್ ತರಿಸಿಕೊಡುತ್ತೇನೆ ಅಂದ ಏಜೆಂಟ್ ಒಬ್ಬ ಒಂದು ಫಾರ್ಮ್ ತಪ್ಪು ತುಂಬಿ ಎರಡು ತಿಂಗಳು ತಿಂದ. ಅದೂ ಡಿಸೆಂಬರ್, ಜನವರಿ. ಹೆಂಡತಿಗೆ ಮಾತ್ರ ಆ ವರ್ಷದ ಕುಯ್ಲು ಬಹಳ ಸಲೀಸಾಗಿ ಮುಗಿದ ನೆನಪು.

ಮತ್ತೆ ಕೊಳ್ಳುತ್ತೀರಾ ಅಂದರೆ, ಒಬ್ಬನೇ ಅಂತೂ ಕೊಳ್ಳುವುದಿಲ್ಲ. ಮೂವರಿಗೆ ಒಂದು ಅನ್ನುವುದೇ ಸರಿಯಾದ ಅಳತೆ. ಆದರೆ ಮೂವರೂ ಬೆಳೆಗಾರರಾಗಬಾರದು. ಮತ್ತೆ ಮೊದಲು ಶೆಡ್, ಆಮೇಲೆ ವಿಮಾನ. ನೆಲಕ್ಕೆ ಸಿಮೆಂಟ್, ಮಾಡಿಗೆ ಶೀಟು, ಇಲಿ ನುಗ್ಗದ ಬಾಗಿಲು. ನಾವು ಉಲ್ಟಾ ಮಾಡಿದೆವು, ಅದಕ್ಕೇ ಆ ಕಪ್ಪು ಕಲೆ. ಅಂಗಡಿಯವರು ಈಗ ವಯಸ್ಸಾಯಿತು ಅಂತ ತಮ್ಮ ಪಾಲು ಬಿಡುವ ಮಾತಾಡುತ್ತಿದ್ದಾರೆ. ಪಕ್ಕದ ತೋಟದ ಅಜ್ಜನ ಮೊಮ್ಮಗ ಬೆಂಗಳೂರಿನಲ್ಲಿ ಕಲಿಯುತ್ತಿದ್ದಾನೆ, ಕೇಳಿದ್ದಾನೆ. ಮೊನ್ನೆ ಬಂದು ರೆಕ್ಕೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದ. ನಾನು ಕೇಳಿದೆ, "ಮನೆಯಲ್ಲಿ ಹೇಳಿದ್ದೀಯಾ?"